ಪರದೆಯ ಹಿಂದಿನ ಕೇಬಲ್

ಅಕ್ಟೋಬರ್ ೧೮, ಬುಧವಾರ

ಮುದ್ದಿನ ಮಗಳಿಗೆ,

ಅಪ್ಪನ ಆಶೀರ್ವಾದ. ಅಳಿಯಂದಿರಿಗೂ ತಿಳಿಸು. ನಾನು ಆರೋಗ್ಯವಾಗಿದ್ದೇನೆ. ಅಂದರೆ ಬಿಪಿ ಮಾತ್ರೆ ನುಂಗುತ್ತಿದ್ದೇನೆ, ಹಾಲನ್ನು ವಾರಕ್ಕೆರಡು ಸಲ ಮಾತ್ರ ಉಕ್ಕಿಸುತ್ತಿದ್ದೇನೆ, ಅನ್ನ ಒಂದು ದಿನ ಗಂಜಿಯಾಗುತ್ತದೆ, ಇನ್ನೊಂದು ದಿನ ಗುಂಡಾಗುತ್ತದೆ. ಎರಡನ್ನೂ ಬೆರೆಸಿದರೆ ಸರಾಸರಿ ಸರಿಯಿದೆ.

ನಿನ್ನ ಪತ್ರ ಬಂದು ಹತ್ತೊಂಬತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು. ಕಾರಣಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ: ಕನ್ನಡಕ ಕಳೆದಿತ್ತು, ಕನ್ನಡಕ ಸಿಕ್ಕಿದಾಗ ಪೆನ್ನು ಕಳೆದಿತ್ತು, ಪೆನ್ನು ಸಿಕ್ಕಿದಾಗ ಅಂಚೆ ಕಚೇರಿಗೆ ರಜೆಯಿತ್ತು. ಎಲ್ಲವೂ ನಿಜವೇ. ಆದರೆ ಯಾವುದೂ ಕಾರಣವಲ್ಲ. ನಿನ್ನ ಪತ್ರದ ಕೊನೆಯ ಸಾಲು ಕಾರಣ. "ಅಪ್ಪಾ, ಅಮ್ಮ ಹೊಲಿಯೋದು ಬಿಟ್ಟಿದ್ದು ನಿನಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿ, ಕೆಳಗೆ 'ಇಂತಿ ನಿನ್ನ ಮಗಳು' ಅಂತ ಬರೆದು ಮುಗಿಸಿಬಿಟ್ಟಿದ್ದೀಯ. ಉತ್ತರ ಬಾರದ ಹುಡುಗರು ಪರೀಕ್ಷೆಯಲ್ಲಿ ಕೂತು ಮಾರ್ಜಿನ್ ಎಳೆಯುತ್ತಾರಲ್ಲ, ಹಾಗೆ ನಾನು ಹತ್ತೊಂಬತ್ತು ದಿನ ಮಾರ್ಜಿನ್ ಎಳೆದಿದ್ದೇನೆ. ಇವತ್ತು ಬರೆಯುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬಯ್ಯಬೇಡ. ನೇರವಾಗಿ ಬರುವ ವಯಸ್ಸು ಹೋಯಿತು.

ಅಮ್ಮನ ಬಲಗೈಯ ಆಪರೇಷನ್ ಸಲೀಸಾಗಿ ಆಯಿತು, ಹೊಲಿಗೆ ಬಿಚ್ಚಿದರು ಅಂತ ಬರೆದಿದ್ದೀಯ. ಸಮಾಧಾನವಾಯಿತು. ಮೂವತ್ತು ವರ್ಷ ಬೀದಿಯವರಿಗೆಲ್ಲ ಹೊಲಿದುಕೊಟ್ಟವಳು, ಡಾಕ್ಟರು ಹಾಕಿದ ಹೊಲಿಗೆ ನೋಡಿ ಸುಮ್ಮನೆ ಇದ್ದಿರಲಾರಳು. ಅವರ ಕೆಲಸಕ್ಕೆ ಎಷ್ಟು ಮಾರ್ಕ್ಸ್ ಕೊಟ್ಟಳು ಅಂತ ನೀನು ಬರೆದೇ ಇಲ್ಲ.

ಹತ್ತು ದಿನಕ್ಕೆ ಅಂತ ನೀನು ಅವಳನ್ನು ಕರೆದುಕೊಂಡು ಹೋದೆ. ಇವತ್ತಿಗೆ ಏಳು ವಾರ. "ಅಮ್ಮನಿಗೆ ಅಲ್ಲಿಗೆ ವಾಪಸ್ ಬರೋ ಮನಸ್ಸಿಲ್ಲ ಅನ್ಸುತ್ತೆ. ಯಾಕಮ್ಮಾ ಅಂದ್ರೆ, ನಾನಿಲ್ಲದಿದ್ರೆ ಆ ಮನೆ ಶಾಂತವಾಗಿರುತ್ತೆ ಬಿಡು ಅಂತಾಳೆ" ಅಂದಿದ್ದೀಯ. ಮೊದಲ ಸಲ ಓದಿದಾಗ ನಾನು ಇದನ್ನು ತಮಾಷೆ ಅಂದುಕೊಂಡೆ. ಮನೆಯಲ್ಲಿ ತಮಾಷೆ ಮಾಡುವ ಗುತ್ತಿಗೆ ನನ್ನದಾದ್ದರಿಂದ, ಬೇರೆಯವರ ತಮಾಷೆ ನನಗೆ ಬೇಗ ಗುರುತು ಸಿಗುವುದಿಲ್ಲ. ಇದು ತಮಾಷೆ ಅಲ್ಲ ಅಂತ ಗುರುತು ಸಿಗಲು ಇನ್ನೂ ಹೆಚ್ಚು ಹೊತ್ತು ಬೇಕಾಯಿತು.

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ.

ನಾನು ರಿಟೈರ್ ಆದಾಗ ನನ್ನ ಕಿವಿ ಎಂಥ ಸ್ಥಿತಿಯಲ್ಲಿತ್ತು ಅಂತ ನಿನಗೆ ಗೊತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆ ಹೆಡ್‌ಫೋನು ಏರಿಸಿಕೊಂಡು ಊರಿನ ಗೊರಗೊರ, ಕಿರಿಕಿರಿ, 'ಹಲೋ ಕೇಳಿಸ್ತಿಲ್ಲ'ಗಳನ್ನೆಲ್ಲ ಕೇಳಿದ ಕಿವಿ ಅದು. ಉಳಿದ ಆಯುಷ್ಯದಲ್ಲಿ ಹಾಡು ಮಾತ್ರ ಕೇಳಬೇಕು, ಹಾಡಿನ ಹಿಂದೆ ಬೇರೆ ಏನೂ ಕೇಳಬಾರದು ಅಂತ ವ್ರತ ಹಿಡಿದೆ. ಆಂಪ್ಲಿಫೈಯರ್ ಬಂತು, ಸ್ಪೀಕರುಗಳು ಬಂದವು, ರೆಕಾರ್ಡ್ ಪ್ಲೇಯರ್ ಬಂತು. ಅವುಗಳ ಜೊತೆಗೆ ಅಂಗಡಿಯವರೂ ಬಂದರು. ನಿನ್ನಮ್ಮ ಅವರನ್ನು 'ನಿಮ್ಮ ಗುರುಗಳು' ಅನ್ನುತ್ತಿದ್ದಳು. ಹೆಸರು ಅದೇ ನಿಂತಿತು.

ಗುರುಗಳು ನಮ್ಮ ಮುಂದಿನ ಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿ, ಅರ್ಧ ಹಾಡು ಕೇಳಿ, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದರು: "ಯಂತ್ರಗಳೆಲ್ಲ ಚೆನ್ನಾಗಿವೆ ಸರ್. ಕರೆಂಟು ಕೊಳೆಯಾಗಿದೆ. ಕಂಬದಿಂದ ಬರುವಾಗ ಬೀದಿಯದ್ದೆಲ್ಲ ಹೊತ್ತುಕೊಂಡು ಬರುತ್ತೆ. ಯಾರದೋ ಮಿಕ್ಸಿ, ಯಾರದೋ ಫ್ರಿಜ್ಜು, ಎಲ್ಲಾ ನಿಮ್ಮ ಹಾಡಿನೊಳಗೆ ಕೂತಿದೆ."

ಚಹಾ ತಂದಿಟ್ಟ ನಿನ್ನಮ್ಮ, "ನನ್ನ ಹತ್ರ ತೆಳ್ಳನೆ ಬಟ್ಟೆ ಇದೆ, ಬೇಕಾದ್ರೆ ಸೋಸಿಕೊಳ್ಳಿ" ಅಂದಳು.

ಗುರುಗಳು ನಗಲಿಲ್ಲ. ಗುರುಗಳಾದವರು ನಗುವುದಿಲ್ಲ. ಗೋಡೆಯಿಂದ ಯಂತ್ರದವರೆಗಿನ ವೈರು ಬದಲಾಯಿಸಬೇಕು, ದಪ್ಪದ್ದು ಹಾಕಬೇಕು, ಎಲ್ಲಾ ಯಂತ್ರಗಳಿಗೂ ಒಂದೇ ಡಿಸ್ಟ್ರಿಬ್ಯೂಷನ್ ಬ್ಲಾಕಿನಿಂದ ಕರೆಂಟು ಹಂಚಬೇಕು ಅಂದರು. ಬ್ಲಾಕು ಅಂದರೆ ಆರು ಸಾಕೆಟ್ಟಿನ ಅಲ್ಯುಮಿನಿಯಂ ಪೆಟ್ಟಿಗೆ, ಕಾಲ ಮೇಲೆ ಬಿದ್ದರೆ ಕಾಲು ಉಳಿಯುವುದಿಲ್ಲ. ನಿನ್ನಮ್ಮ ಅದನ್ನು ಎಕ್ಸ್‌ಟೆನ್ಷನ್ ಬೋರ್ಡು ಅಂದಾಗ ಗುರುಗಳ ಮುಖ ನೀನು ನೋಡಬೇಕಿತ್ತು.

"ಅಲ್ಲ, ಆ ಕರೆಂಟು ಎಲ್ಲಿಂದಲೋ ಬೆಟ್ಟ ಹತ್ತಿ ಇಳಿದು, ಸಣ್ಣ ತಂತಿಯಲ್ಲೇ ನಮ್ಮ ಮನೆ ತನಕ ಬಂದಿದೆ. ಕೊನೇ ಐದಡಿಗೆ ಮಾತ್ರ ಯಾಕೆ ಇಷ್ಟು ಮರ್ಯಾದೆ?" ಅಂತಲೂ ಕೇಳಿದಳು.

"ಆ ಐದಡಿಯೇ ಮುಖ್ಯ ಅಮ್ಮಾ" ಅಂದರು ಗುರುಗಳು.

ಆ ಐದಡಿಯೇ ಮುಖ್ಯ. ಈಗ ಯೋಚಿಸಿದರೆ ಆ ಮನುಷ್ಯ ಗೊತ್ತಿಲ್ಲದೆ ಒಂದು ಸರಿಯಾದ ಮಾತು ಹೇಳಿದ್ದರು.

ಬ್ಲಾಕು ಬಂದಮೇಲೆ ಮನೆಯಲ್ಲಿ ಶುದ್ಧೀಕರಣ ಶುರುವಾಯಿತು. ಫ್ರಿಜ್ಜಿಗೆ ಬೇರೆ ಲೈನು. ಡೋರ್‌ಬೆಲ್ಲು ಬಂದ್. ಟ್ಯೂಬ್‌ಲೈಟಿಗೆ ನಿವೃತ್ತಿ. ಕೊನೆಗೆ ಉಳಿದದ್ದು ನಿನ್ನಮ್ಮನ ಹೊಲಿಗೆ ಮಷೀನು. ಮುಂದಿನ ಕೋಣೆಯ ಕಿಟಕಿ ಪಕ್ಕ, ಬೆಳಕು ಬೀಳುವ ಜಾಗದಲ್ಲಿ, ನೀನು ಹುಟ್ಟುವ ಮುಂಚಿನಿಂದ ಇದ್ದದ್ದು. ಅದರ ಮೋಟಾರು ಗುರ್ ಅಂದರೆ ನನ್ನ ಸ್ಪೀಕರಿನಲ್ಲೂ ಸಣ್ಣಗೆ ಗುರ್ ಅನ್ನುತ್ತಿತ್ತು. ನಾನು ಜಗಳವಾಡಲಿಲ್ಲ, ಆಣೆ. ಅರ್ಜಿ ಸಲ್ಲಿಸುವವನ ಹಾಗೆ ವಿನಯದಿಂದ ಕೇಳಿದೆ. ಅವಳು ಮಷೀನು ನೋಡಿದಳು, ಕಿಟಕಿ ನೋಡಿದಳು. "ಹಿಂದಿನ ಕೋಣೆಗೆ ಹಾಕಿ. ಅಲ್ಲಿ ಬೆಳಕು ಕಡಿಮೆ, ಆದ್ರೆ ನಿಮ್ಮ ಕರೆಂಟು ಚೊಕ್ಕಟವಾಗಿರಲಿ" ಅಂದಳು. ಬಟ್ಟೆ ಕೊಡಲು ಬರುವವರೂ ಅಂದಿನಿಂದ ಹಿಂಬಾಗಿಲಿಗೆ ಬರತೊಡಗಿದರು. ಹಾಗಾಗಿ ಯಾರು ಬಂದರು, ಯಾರು ಬರುವುದು ನಿಂತಿತು, ನನಗೆ ಕಾಣುತ್ತಿರಲಿಲ್ಲ. ಇದು ಸಬೂಬು ಅಲ್ಲ. ಸಬೂಬೇ ಇರಬಹುದು.

ಮಷೀನು ಹಿಂದೆ ಹೋದಮೇಲೂ ಗುರ್ ಪೂರ್ತಿ ಹೋಗಲಿಲ್ಲ. ಗೋಡೆ ದಾಟಿಯೋ ವೈರಿನಲ್ಲೋ, ಹೇಗೋ ಬರುತ್ತಿತ್ತು. ಅದಕ್ಕೇ ಗುರುಗಳು ಇನ್ನೂ ದಪ್ಪದ ಕೇಬಲ್ ತಂದರು, ಆಮೇಲೆ ಅದಕ್ಕಿಂತ ದಪ್ಪದ್ದು. ಕಣ್ಣಿಗೆ ಕಂಡರೆ ಕಿವಿ ಮೋಸ ಹೋಗುತ್ತದೆ ಅಂತ ಅವರೇ ಒಂದು ಪದ್ಧತಿ ಹೇಳಿಕೊಟ್ಟರು. ಯಂತ್ರಗಳ ಹಿಂದೆ ಕಾಣದ ಹಾಗೆ ಪರದೆ. ಭಾನುವಾರ ಬೆಳಗ್ಗೆ ನಿನ್ನಮ್ಮ ಪರದೆಯ ಹಿಂದೆ ಹೋಗಿ, ಸ್ವಿಚ್ ಆರಿಸಿ, ಹಳೇ ಕೇಬಲ್ಲೋ ಹೊಸ ಕೇಬಲ್ಲೋ ತನಗೆ ತೋಚಿದ್ದನ್ನು ಬ್ಲಾಕಿಗೆ ಚುಚ್ಚಿ, "ಆಯ್ತು ರೀ" ಅನ್ನಬೇಕು. ಕೇಬಲ್ಲಿಗೆ ಹದ ಬರಲು ಒಂದು ವಾರ ಬೇಕಂತೆ, ಹಾಗಾಗಿ ನಾನು ವಾರವಿಡೀ ಮಧ್ಯಾಹ್ನ ಕೂತು ಕೇಳಬೇಕು. ಮುಂದಿನ ಭಾನುವಾರ ನಾನು ಕಣ್ಣು ಮುಚ್ಚಿ ತೀರ್ಪು ಹೇಳಬೇಕು, ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಓದಿ ಹೇಳಬೇಕು. ಆಮೇಲೆ, ನಾನು ಊಹಿಸಿದ ಕೇಬಲ್ ಸರಿಯೋ ತಪ್ಪೋ ಅಂತ ಹೇಳಬೇಕು. ನ್ಯಾಯಾಧೀಶ ನಾನು, ಗುಮಾಸ್ತೆ ಅವಳು. ಆ ಪರದೆ ಹೊಲಿದವಳೂ ಅವಳೇ. ಸ್ಕೇಲು ಇಲ್ಲದೆ ಗೆರೆ ಎಳೆದು, ಗೆರೆಯ ಮೇಲೆ ಕತ್ತರಿ ಓಡಿಸಿದಳು. ಒಂದು ನೂಲು ಆಚೀಚೆ ಆಗಿರಲಿಲ್ಲ.

ಹನ್ನೊಂದು ತೀರ್ಪು ಕೊಟ್ಟೆ, ಕೊನೆಯದು ಈ ಮಾರ್ಚಿನಲ್ಲಿ. ಹನ್ನೊಂದಕ್ಕೂ ಅವಳು "ಸರಿ" ಅಂದಳು. ಗುರುಗಳು ಅಂಗಡಿಗೆ ಬಂದವರಿಗೆಲ್ಲ ನನ್ನ ಕಿವಿಯ ಬಗ್ಗೆ ಹೇಳತೊಡಗಿದರು. ನಾನು ನಡೆಯುವ ಠೀವಿಯೇ ಬದಲಾಯಿತು ಅಂತ ಪಕ್ಕದ ಮನೆಯವರು ಹೇಳಿದರು.

ನೀನು ಅವಳನ್ನು ಕರೆದುಕೊಂಡು ಹೋದ ಎರಡನೇ ವಾರದಿಂದ ಹಾಡು ಸೊರಗಿತು. ಅದೇ ರೆಕಾರ್ಡು, ಅದೇ ಕುರ್ಚಿ, ಸಪ್ಪೆ. ಗುರುಗಳಿಗೆ ಹೇಳಿದರೆ, ಬ್ಲಾಕಿನಲ್ಲಿ ಪ್ಲಗ್ಗು ಸಡಿಲವಾಗಿರಬೇಕು, ವೈರಿಂಗಿನವರನ್ನು ಕರೆಸಿ ಅಂದರು. ಕರೆಸಿದೆ. ಮಾತು ಕಡಿಮೆಯ, ತಲೆ ನರೆತ ಮನುಷ್ಯ. ಪರದೆ ಸರಿಸಿ, ಟಾರ್ಚ್ ಹಾಕಿ, ಬ್ಲಾಕಿನ ಸುತ್ತ ನೋಡಿದರು.

"ಹೊಸ ಕೇಬಲ್ ಅಂದ್ರಲ್ಲ ಸರ್, ಯಾವುದದು?"

"ದಪ್ಪದ್ದು. ಕಪ್ಪು ಜಾಲರಿಯದ್ದು. ಈ ವರ್ಷ ಮಾರ್ಚಿನಿಂದ ಅದೇ ಇದೆ."

"ಅದು ಚೀಲದಲ್ಲೇ ಇದೆ ಸರ್. ಸೀಲೂ ಒಡೆದಿಲ್ಲ."

ನಾನು ನಗಲು ನೋಡಿದೆ. ಕಂಪನಿಯವರು ಎರಡು ಕಳಿಸಿರಬೇಕು ಅಂದೆ. ಅವರು ಬ್ಲಾಕಿಗೆ ಚುಚ್ಚಿದ್ದ ಹಳೇ ಪ್ಲಗ್ಗನ್ನು ತೋರಿಸಿದರು. ಅದರ ಕತ್ತಿಗೆ ಒಂದು ಬಟ್ಟೆ ಪಟ್ಟಿ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಎಳೆಯಲು ಒಂದು ಕುಣಿಕೆ ಬಿಟ್ಟಿತ್ತು. ಶಾಲೆ ಯೂನಿಫಾರಮ್ಮಿನ ನೀಲಿ ಬಟ್ಟೆ.

"ಈ ಪ್ಲಗ್ಗುಗಳು ತುಂಬಾ ಬಿಗಿ ಸರ್, ನಾವೇ ಎರಡು ಕೈ ಹಾಕ್ತೀವಿ. ಅಮ್ಮಾವರು ಹಿಡಿತಕ್ಕೆ ಅಂತ ಬಟ್ಟೆ ಕಟ್ಟಿದಾರೆ. ಎಳೆದಿದಾರೆ. ಬಂದಿಲ್ಲ" ಅಂದರು. ಟಾರ್ಚ್ ಆರಿಸಿ, "ಕೈ ಏನಾದ್ರೂ ನೋವಿತ್ತಾ ಅವರಿಗೆ?" ಅಂತ ಕೇಳಿದರು.

ಮೊದಲ ಸಲ ಮನೆಗೆ ಬಂದ ವೈರಿಂಗಿನವರಿಗೆ ಐದು ನಿಮಿಷದಲ್ಲಿ ತಿಳಿದದ್ದು ನೋಡು.

ಆ ಸಂಜೆ ನಾನು ನಿನ್ನ ಮನೆಗೆ ಫೋನ್ ಮಾಡಿದ್ದು, ಅಮ್ಮನಿಗೆ ಕೊಡು ಅಂದದ್ದು ನಿನಗೆ ನೆನಪಿರಬಹುದು. ಏನು ಮಾತಾಡಿದಿರಿ ಅಂದರೆ ಅವಳು ಹೇಳಿರುವುದಿಲ್ಲ. ಕೇಳು.

"ಕೇಬಲ್ಲು ಬದಲಾಯಿಸಿಯೇ ಇಲ್ಲವಂತಲ್ಲ" ಅಂದೆ.

"ಹೌದು. ಬೆರಳು ಜೋಮು ಹಿಡಿದಿತ್ತು. ಪ್ಲಗ್ಗು ಬರಲಿಲ್ಲ."

"ಮತ್ತೆ ಸರಿ ಅಂದೆಯಲ್ಲ?"

"ನೀವು ಅಷ್ಟು ಸಂತೋಷವಾಗಿದ್ರಿ."

"ಕೈ ಹೀಗಾಗಿದೆ ಅಂತ ಆಗಲೇ ಒಂದು ಮಾತು ನನಗೆ ಹೇಳಬಾರದಿತ್ತಾ?"

"ಹೇಳಿದೆ. ಮೂರು ಸಲ ಹೇಳಿದೆ. ನೀವು ಬೆರಳೆತ್ತಿದಿರಿ."

ನನ್ನ ಬೆರಳು ನಿನಗೆ ಗೊತ್ತು. ಹಾಡು ನಡೆಯುವಾಗ ಯಾರಾದರೂ ಕೋಣೆಗೆ ಬಂದು ಬಾಯಿ ತೆರೆದರೆ, ನಾನು ಕಣ್ಣು ಬಿಡದೆ ಎತ್ತುವ ಒಂದು ಬೆರಳು. ತಡಿ, ಈ ಚರಣ ಮುಗಿಯಲಿ ಅಂತ. ಚಿಕ್ಕವಳಿದ್ದಾಗ ನೀನು ಅದನ್ನು ನೋಡಿ ನಿನ್ನ ಗೊಂಬೆಗಳಿಗೂ ಬೆರಳೆತ್ತುತ್ತಿದ್ದೆ, ನಾವೆಲ್ಲ ನಗುತ್ತಿದ್ದೆವು. ಚರಣ ಮುಗಿದ ಮೇಲೆ ಏನು ಹೇಳಬೇಕಿತ್ತು ಅಂತ ನಾನು ಯಾರನ್ನಾದರೂ ಕೇಳಿದ್ದೇನೆಯೇ ಅಂತ ನೆನಪು ಮಾಡಿಕೊಳ್ಳುತ್ತಿದ್ದೇನೆ. ಒಂದೂ ಸಿಗುತ್ತಿಲ್ಲ. ನಿನಗೇನಾದರೂ ನೆನಪಿದ್ದರೆ ಬರಿ. ಸುಳ್ಳಾದರೂ ಪರವಾಗಿಲ್ಲ.

ಫೋನಿನಲ್ಲಿ ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಾದಿ ಗೊತ್ತಿತ್ತು, ಏನಾದರೂ ಹೇಳಿ ನಗಿಸುತ್ತಿದ್ದೆ. "ಮಾತ್ರೆ ತಪ್ಪಿಸಬೇಡಿ" ಅಂದು ಇಟ್ಟುಬಿಟ್ಟಳು.

ಮಾರನೇ ದಿನ ವೈರಿಂಗಿನವರನ್ನೇ ಮತ್ತೆ ಕರೆಸಿದೆ. ನಾನೂ ಅವರೂ ಸೇರಿ ಮಷೀನನ್ನು ಮುಂದಿನ ಕೋಣೆಗೆ ತಂದೆವು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಅದನ್ನು ಆಚೆ ಸಾಗಿಸುವಾಗ ಎಲ್ಲಿಯೂ ಸಿಕ್ಕಿರಲಿಲ್ಲ. ಕಿಟಕಿಯ ಪಕ್ಕ ಒಂದು ಸ್ಪೀಕರು ಇತ್ತು, ಅದು ಎದ್ದು ಜಾಗ ಬಿಟ್ಟಿತು. ಮಷೀನಿನ ವೈರನ್ನು ಬ್ಲಾಕಿನ ಮೊದಲ ಸಾಕೆಟ್ಟಿಗೇ ಚುಚ್ಚಿದೆ, ಆಂಪ್ಲಿಫೈಯರಿನ ಪಕ್ಕಕ್ಕೆ. ಇದನ್ನು ನೋಡಿದ ಗುರುಗಳು "ಏನು ಸರ್, ಇದೇನು ಮಾಡಿಬಿಟ್ರಿ" ಅಂತ ಸೋಫಾದ ತುದಿಯಲ್ಲಿ ಕೂತರು, ಸಂತಾಪ ಹೇಳಲು ಬಂದವರ ಹಾಗೆ. ಅವರಿಗೆ ಚಹಾ ಕೊಟ್ಟೆ. ನಾನು ಮಾಡಿದ ಚಹಾ. ಬೇಗ ಹೋದರು. ಆ ಸೀಲು ಒಡೆಯದ ಕೇಬಲ್ಲನ್ನೂ ಅವರ ಕೈಯಲ್ಲೇ ಕಳಿಸಿದೆ.

ಆಮೇಲೆ ಮಷೀನಿನ ಮುಂದೆ ಕೂತು ಪೆಡಲ್ ಒತ್ತಿದೆ. ಗುರ್ ಅಂತು, ಸ್ಪೀಕರೂ ಗುರ್ ಅಂತು. ಹಾಡು ಹಾಕಿಕೊಂಡು ಇನ್ನೊಂದು ಸಲ ಒತ್ತಿದೆ. ಆ ಗುರ್ ಒಳಗಿದ್ದಾಗಲೇ ಹಾಡು ಮುಂಚಿನ ಹಾಗೆ ಕೇಳಿಸಿತು ಅಂತ ಬರೆದರೆ ನೀನು ನಂಬುವುದಿಲ್ಲ. ಹನ್ನೊಂದಕ್ಕೆ ಹನ್ನೊಂದು ತೆಗೆದ ಕಿವಿಯ ಮಾತನ್ನು ಯಾರು ನಂಬುತ್ತಾರೆ, ಬಿಡು.

ಈ ಪತ್ರದ ಜೊತೆ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಅದರಲ್ಲಿರುವುದು ದಿಂಬಿನ ಕವರು. ಎರಡು ದಿನ ಕೂತು ನಾನೇ ಹೊಲಿದೆ. ಮುಗಿದ ಮೇಲೆ ನೋಡಿದರೆ ನಾಲ್ಕೂ ಕಡೆ ಹೊಲಿದುಬಿಟ್ಟಿದ್ದೇನೆ, ದಿಂಬು ಹೋಗಲು ದಾರಿಯಿಲ್ಲ. ಬಿಚ್ಚಬೇಡ. ಹಾಗೇ ಅಮ್ಮನ ಕೈಗೆ ಕೊಡು. ನಗದಿದ್ದರೂ ಬಯ್ಯಬಹುದು. ಏನು ಬಯ್ದಳು ಅಂತ ಒಂದಕ್ಷರ ಬಿಡದೆ ಬರಿ.

ಅವಳಿಗೆ ಬಾ ಅಂತ ಹೇಳು ಅಂತ ನಿನಗೆ ಬರೆಯುವ ಧೈರ್ಯ ನನಗಿಲ್ಲ. ಕಿಟಕಿ ಪಕ್ಕ ಜಾಗ ಇದೆ ಅಂತ ಮಾತ್ರ ಹೇಳು. ಬೆಳಗ್ಗೆ ಒಂಬತ್ತರಿಂದ ಬೆಳಕು ಬರುತ್ತದೆ. ಕೈ ಹೊಲಿಯುವಷ್ಟು ಸರಿಹೋಗದಿದ್ದರೂ ಜಾಗ ಅವಳದೇ, ಸುಮ್ಮನೆ ಕೂತರೂ ಆಯಿತು. ಡೋರ್‌ಬೆಲ್ಲಿಗೂ ಕರೆಂಟು ಕೊಡಿಸಿದ್ದೇನೆ. ಒತ್ತಿದರೆ ಹಾಡಿನ ನಡುವೆ ಸ್ಪೀಕರಿನಲ್ಲಿ ಟಪ್ ಅನ್ನುತ್ತದೆ. ಅನ್ನಲಿ.

ನೀನು ಬಳಲಬೇಡ. ಮನೆ, ಕೆಲಸ, ಈಗ ಅಮ್ಮ, ಎಲ್ಲ ನಿನ್ನ ತಲೆ ಮೇಲೆ. ಅಳಿಯಂದಿರು ಅಡುಗೆ ಮಾಡುತ್ತಾರೆ ಅಂತ ಬರೆದಿದ್ದೀಯ, ಅವರಿಗೆ ನನ್ನ ವಿಶೇಷ ನಮಸ್ಕಾರ. ನಿನ್ನ ಮನೆಯಲ್ಲಿ ಮಾತಿಗೆ ಮಾತು ಸಿಗಲಿ, ನಡುವೆ ಯಾರೂ ಬೆರಳೆತ್ತದಿರಲಿ. ನನ್ನ ಆಶೀರ್ವಾದ ಇಷ್ಟೇ.

ಇಂತಿ,
ನಿನ್ನ ಅಪ್ಪ

ತಾ.ಕ.: ಪ್ರಶ್ನೆಗೆ ಉತ್ತರ ಇನ್ನೂ ಬರೆದಿಲ್ಲ ಅಂತ ನಿನಗೆ ಗೊತ್ತು, ನನಗೂ ಗೊತ್ತು. ಅಮ್ಮ ಮಾರ್ಚ್ ಮೊದಲ ವಾರದಲ್ಲೇ ಕೈಯಲ್ಲಿದ್ದ ಬಟ್ಟೆಗಳನ್ನೆಲ್ಲ ಅವರವರಿಗೆ ವಾಪಸ್ ಕೊಟ್ಟು ಮಷೀನು ಮುಚ್ಚಿದಳು ಅಂತ ನೀನು ಬರೆದಿದ್ದೆಯಲ್ಲ, ಆ ತಾರೀಕು ಹಿಡಿದುಕೊಂಡು ನಿನ್ನೆ ನೋಟ್‌ಬುಕ್ ತೆಗೆದೆ. ಕೇಬಲ್ ಬದಲಾಯಿಸಿದ್ದು, ಅಂದರೆ ಬದಲಾಯಿಸದೆ ಇದ್ದದ್ದು, ಮಾರ್ಚ್ ಐದು. ತೀರ್ಪು ಮಾರ್ಚ್ ಹನ್ನೆರಡು, ಭಾನುವಾರ. ಆ ವಾರ ನನ್ನ ಕಿವಿ ತಪ್ಪು ಕೇಳಿರಲಿಲ್ಲ ಮಗಳೇ. ಗುರ್ ನಿಜವಾಗಿಯೂ ನಿಂತಿತ್ತು. ಹಿಂದಿನ ಕೋಣೆಯಲ್ಲಿ ಅವಳು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಮುಂದಿನ ಕೋಣೆಯಲ್ಲಿ ನಾನು ಕೇಬಲ್ಲನ್ನು ಹೊಗಳುತ್ತಿದ್ದೆ.

ಪುಟದಲ್ಲಿ ನನ್ನ ಮಾತು, ಅವಳ ಅಕ್ಷರ: "ಹೊಸ ಕೇಬಲ್. ಮನೆ ಈಗ ಪೂರ್ತಿ ನಿಶ್ಶಬ್ದ. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ." ಪೆನ್ನು ಹಿಡಿಯಲಾಗದೆ ಅಕ್ಷರಗಳು ದೊಡ್ಡವಾಗಿವೆ. ಬರೆದು, ಪದ್ಧತಿಯಂತೆ ನನಗೆ ಓದಿ ಹೇಳಿದಳು. ನಾನು, "ಅದರ ಕೆಳಗೆ ಎರಡು ಗೆರೆ ಎಳಿ" ಅಂದೆ.

ಎಳೆದಿದ್ದಾಳೆ. ಎರಡೂ ಸೊಟ್ಟಗಿವೆ.